ಇಂಗ್ಲಿಷ್ ಪರೀಕ್ಷೆಯ ಹೋಲಿಕೆ ವಾಕ್ಯಗಳು: ಮುಂಬೈ, ಪುಣೆ, ಗೋವಾದ ಕನ್ನಡ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಎಸ್‌ಸಿ (ಕೇಂದ್ರ ಸರ್ಕಾರಿ ನೌಕರಿಗೆ ಆಯ್ಕೆ ಮಾಡುವ ಆಯೋಗ, ಹತ್ತನೇ ತರಗತಿಯ ಎಸ್‌ಎಸ್‌ಸಿ ಅಲ್ಲ), ಬ್ಯಾಂಕ್, ಎನ್‌ಡಿಎ (ಸೇನಾಧಿಕಾರಿಗಳ ತರಬೇತಿ ಅಕಾಡೆಮಿ), ಎಂಬಿಎ ಪ್ರವೇಶ ಪರೀಕ್ಷೆಗಳಿಗೆ ಓದುವವರಲ್ಲಿ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ, ಹೊರಗೆ ಮರಾಠಿಯನ್ನೋ ಕೊಂಕಣಿಯನ್ನೋ ಆಡುವ ಮಕ್ಕಳು ಇಲ್ಲಿ ಬಹಳ. ಅವರು ಹೋಲಿಕೆಯ ವಾಕ್ಯಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇವು ಉತ್ತರ. ಇಂಗ್ಲಿಷ್ ಉದಾಹರಣೆಗಳೂ ಕನ್ನಡ ಲಿಪಿಯಲ್ಲೇ ಇವೆ. ಗಟ್ಟಿಯಾಗಿ ಓದಿಕೊಳ್ಳಿ, ಈ ತಪ್ಪುಗಳಲ್ಲಿ ಅರ್ಧದಷ್ಟು ಕಿವಿಗೇ ಸಿಗುತ್ತವೆ.

ಹೋಲಿಕೆಯ ತಪ್ಪು ಅಂದರೆ ನಿಖರವಾಗಿ ಏನು?

‘ದ್ಯಾನ್’ ಪದದ ಎಡಕ್ಕೆ ಒಂದು ಜಾತಿಯ ವಸ್ತು, ಬಲಕ್ಕೆ ಇನ್ನೊಂದು ಜಾತಿಯ ವಸ್ತು ಇದ್ದರೆ ಅದೇ ತಪ್ಪು. ‘ದ ಕ್ಲೈಮೇಟ್ ಆಫ್ ಪುಣೆ ಈಸ್ ಡ್ರೈಯರ್ ದ್ಯಾನ್ ಮುಂಬೈ’ ಎಂಬ ವಾಕ್ಯದಲ್ಲಿ ಎಡಗಡೆ ಹವಾಮಾನ ಇದೆ, ಬಲಗಡೆ ಒಂದು ಊರು ಇದೆ. ಹವಾಮಾನವನ್ನು ಹವಾಮಾನದ ಜೊತೆಗೇ ಹೋಲಿಸಬೇಕು: ‘ದ್ಯಾನ್ ದ್ಯಾಟ್ ಆಫ್ ಮುಂಬೈ’. ಇದು ತರ್ಕದ ಸಮತೆ.

ರೂಪದ ಸಮತೆ ಎಂಬುದು ಬೇರೆಯೇ ಇದೆ. ಎಡಕ್ಕೆ ‘ಇನ್ ಪುಣೆ’ ಇದ್ದರೆ ಬಲಕ್ಕೂ ‘ಇನ್ ಮುಂಬೈ’ ಇರಬೇಕು. ಎಡಕ್ಕೆ ‘ವಾಕಿಂಗ್’ ಇದ್ದರೆ ಬಲಕ್ಕೆ ‘ಟು ರನ್’ ಬರುವ ಹಾಗಿಲ್ಲ. ಪರೀಕ್ಷೆಯಲ್ಲಿ ಎರಡನ್ನೂ ಕೇಳುತ್ತಾರೆ, ಕೆಲವೊಮ್ಮೆ ಒಂದೇ ವಾಕ್ಯದಲ್ಲಿ.

ಓದುವಾಗ ವಾಕ್ಯ ಸರಿಯಾಗೇ ಕೇಳುತ್ತದಲ್ಲ, ತಪ್ಪು ಯಾಕೆ ಕಣ್ಣಿಗೆ ಬೀಳುವುದಿಲ್ಲ?

ಎರಡು ಕಾರಣ. ಒಂದು, ನಮ್ಮ ಭಾಷೆಗಳು ಈ ಕೆಲಸವನ್ನು ಪ್ರತ್ಯಯದಲ್ಲಿ ಮುಗಿಸಿಬಿಡುತ್ತವೆ. ‘ಪುಣೆಗಿಂತ ಮುಂಬೈಯಲ್ಲಿ ಮಳೆ ಜಾಸ್ತಿ’ ಎಂದರೆ ಕನ್ನಡದಲ್ಲಿ ಯಾರಿಗೂ ಗೊಂದಲವಿಲ್ಲ. ಮರಾಠಿಯ ‘ಪೇಕ್ಷಾ’ ಕೂಡ ಹೀಗೇ ನಡೆಯುತ್ತದೆ. ಹಾಗಾಗಿ ‘ದ್ಯಾನ್ ಪುಣೆ’ ಎಂದು ಬರೆದಾಗ ನಮ್ಮ ಮನಸ್ಸು ‘ಗಿಂತ’ ಎಂದು ಓದಿಕೊಂಡು ಮುಂದೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯ ಇಲ್ಲ. ಅದರ ಜಾಗದಲ್ಲಿ ಒಂದು ಪದವನ್ನು ಕೂರಿಸಲೇಬೇಕು. ಕನ್ನಡದಲ್ಲೂ ‘ಮುಂಬೈಯ ಬಾಡಿಗೆ ಪುಣೆಯದಕ್ಕಿಂತ ಹೆಚ್ಚು’ ಎಂದು ಬಿಡಿಸಿ ಹೇಳಿದರೆ ಆ ‘ಯದ’ ಮಾಡುವ ಕೆಲಸವೇ ‘ದ್ಯಾಟ್ ಆಫ್’ ಮಾಡುವುದು. ಸಂಶಯ ಬಂದಾಗ ವಾಕ್ಯವನ್ನು ಮನಸ್ಸಿನಲ್ಲೇ ಹೀಗೆ ಕನ್ನಡಕ್ಕೆ ತಿರುಗಿಸಿ, ‘ಯದಕ್ಕಿಂತ’, ‘ನದಕ್ಕಿಂತ’, ‘ಯವುಗಳಿಗಿಂತ’ ಬರುತ್ತದೆಯೇ ನೋಡಿ. ಬಂದರೆ ಇಂಗ್ಲಿಷಿನಲ್ಲೂ ಅದಕ್ಕೊಂದು ಪದ ಬೇಕು.

ಎರಡನೆಯದು, ವಾಕ್ಯದ ವಿಷಯ ನಿಜವಾಗಿರುತ್ತದೆ. ಮುಂಬೈಯಲ್ಲಿ ಸಾಮಾನ್ಯ ವರ್ಷದ ಮಳೆ 2,000 ಮಿ.ಮೀ. ದಾಟುತ್ತದೆ, ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಪುಣೆಗೆ ಅದರ ಅರ್ಧವೂ ಬೀಳುವುದಿಲ್ಲ. ಹೀಗಾಗಿ ‘ಹೌದಲ್ಲ, ಸರಿ’ ಎಂದು ತಲೆ ಒಪ್ಪಿಬಿಡುತ್ತದೆ. ಪ್ರಶ್ನೆ ತೆಗೆಯುವವರು ಬೇಕೆಂದೇ ಇಂಥ ನಿಜವಾದ ವಿಷಯ ಆರಿಸುತ್ತಾರೆ. ವಿಷಯ ಸರಿಯೇ ಎಂದು ನೋಡಬೇಡಿ, ಎಡ-ಬಲ ಮಾತ್ರ ನೋಡಿ.

ಯಾವ ಪರೀಕ್ಷೆಗಳಲ್ಲಿ ಇದು ಬರುತ್ತದೆ? ತಪ್ಪಾದರೆ ಎಷ್ಟು ಅಂಕ ಹೋಗುತ್ತದೆ?

ಎಸ್‌ಎಸ್‌ಸಿ ಸಿಜಿಎಲ್ (ಪದವೀಧರರಿಗಾಗಿ ನಡೆಸುವ ನೌಕರಿ ಪರೀಕ್ಷೆ) ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ. ಸರಿಗೆ 2 ಅಂಕ, ತಪ್ಪಿಗೆ 0.50 ಕಡಿತ. ಎರಡನೇ ಹಂತದಲ್ಲಿ 45 ಪ್ರಶ್ನೆ. ಸರಿಗೆ 3, ತಪ್ಪಿಗೆ 1 ಕಡಿತ. ಖಡಕವಾಸ್ಲಾದ ಎನ್‌ಡಿಎಗೆ ಸೇರಲು ಬರೆಯುವ ಪರೀಕ್ಷೆಯಲ್ಲಿ ಇಂಗ್ಲಿಷ್ 200 ಅಂಕದ್ದು, 50 ಪ್ರಶ್ನೆ. ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ. ಬ್ಯಾಂಕ್ ಪರೀಕ್ಷೆಗಳಲ್ಲಿ ಕಾಲು ಭಾಗ. ಮಹಾರಾಷ್ಟ್ರದ ಎಂಬಿಎ ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ ಇಲ್ಲ, ಆದ್ದರಿಂದ ಅಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ವಿದೇಶದ ಎಂಬಿಎಗೆ ಹೆಚ್ಚಾಗಿ ಬರೆಯುವ ಜಿಮ್ಯಾಟ್ ಬಗ್ಗೆ ಒಂದು ಮಾತು. 2023ರ ನವೆಂಬರಿನಲ್ಲಿ ಬಂದ ಹೊಸ ಮಾದರಿಯಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳೇ ಇಲ್ಲ. ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಗುವ ಜಿಮ್ಯಾಟ್ ವ್ಯಾಕರಣದ ಪುಸ್ತಕಗಳು ಈಗ ಜಿಮ್ಯಾಟ್‌ಗೆ ಕೆಲಸಕ್ಕೆ ಬಾರವು. ಆದರೆ ಹೋಲಿಕೆಯ ಅಭ್ಯಾಸಕ್ಕೆ ಅವುಗಳಷ್ಟು ಒಳ್ಳೆಯ ವಾಕ್ಯಗಳು ಬೇರೆಡೆ ಸಿಗುವುದು ಕಷ್ಟ.

ಪ್ರಶ್ನೆ ಎದುರಿಗೆ ಬಂದಾಗ ಮೊದಲು ಏನು ಮಾಡಬೇಕು?

ಒಂದು ವಾಕ್ಯವನ್ನೇ ಬಿಡಿಸಿ ನೋಡೋಣ.

‘ದ ರೈನ್‌ಫಾಲ್ ರೆಕಾರ್ಡೆಡ್ ಇನ್ ಮುಂಬೈ / ಡ್ಯೂರಿಂಗ್ ದ ಮಾನ್ಸೂನ್ / ಈಸ್ ಮಚ್ ಹೆವಿಯರ್ / ದ್ಯಾನ್ ಪುಣೆ.’

ಮೊದಲು ಹೋಲಿಕೆಯ ಗುರುತು ಹುಡುಕಿ: ‘ದ್ಯಾನ್’, ‘ಆ್ಯಸ್’, ‘ಲೈಕ್’, ‘ಅನ್‌ಲೈಕ್’, ‘ಕಂಪೇರ್ಡ್ ಟು’, ‘ಡಿಫರೆಂಟ್ ಫ್ರಮ್’, ‘ಸಿಮಿಲರ್ ಟು’. ಇಲ್ಲಿ ‘ದ್ಯಾನ್’ ಇದೆ. ಈಗ ಎಡಗಡೆಯ ಕರ್ತೃವನ್ನು ಹುಡುಕಿ, ಅದಕ್ಕೆ ಅಂಟಿದ ವಿಶೇಷಣಗಳನ್ನೆಲ್ಲ ಕತ್ತರಿಸಿ. ‘ರೆಕಾರ್ಡೆಡ್ ಇನ್ ಮುಂಬೈ’ ಹೋಯಿತು, ‘ಡ್ಯೂರಿಂಗ್ ದ ಮಾನ್ಸೂನ್’ ಹೋಯಿತು, ಉಳಿದದ್ದು ‘ರೈನ್‌ಫಾಲ್’. ಬಲಗಡೆ ಉಳಿದದ್ದು ‘ಪುಣೆ’. ಮಳೆಗೂ ಊರಿಗೂ ಹೋಲಿಕೆ! ತಪ್ಪು ಕೊನೆಯ ಭಾಗದಲ್ಲಿದೆ.

ತಪ್ಪಿರುವ ಭಾಗವನ್ನಷ್ಟೇ ಗುರುತಿಸುವ ಎರರ್ ಸ್ಪಾಟಿಂಗ್ ಆದರೆ ಇಲ್ಲಿಗೆ ಮುಗಿಯಿತು. ತಿದ್ದುಪಡಿ ಕೇಳಿದ್ದರೆ ಆಪ್ಷನ್‌ಗಳು ಹೀಗಿರುತ್ತವೆ: ‘ದ್ಯಾನ್ ದೋಸ್ ಇನ್ ಪುಣೆ’, ‘ದ್ಯಾನ್ ಪುಣೆ ಈಸ್’, ‘ದ್ಯಾನ್ ದ್ಯಾಟ್ ಇನ್ ಪುಣೆ’, ‘ದ್ಯಾನ್ ಇನ್ ಪುಣೆ’. ‘ರೈನ್‌ಫಾಲ್’ ಏಕವಚನ, ಆದ್ದರಿಂದ ‘ದೋಸ್’ ಬಿತ್ತು. ‘ಪುಣೆ ಈಸ್’ ಎಂದರೆ ಪುಣೆ ಎಂಬ ಊರೇ ‘ಹೆವಿ’ ಎಂದಾಗುತ್ತದೆ, ಅದೂ ಬಿತ್ತು. ಕೊನೆಯ ‘ದ್ಯಾನ್ ಇನ್ ಪುಣೆ’ ಮಾತ್ರ ಕೆಣಕುತ್ತದೆ. ದಿನನಿತ್ಯದ ಇಂಗ್ಲಿಷಿನಲ್ಲಿ ಅದು ನಡೆದುಹೋಗುತ್ತದೆ. ಆದರೆ ಎಡಗಡೆಯ ‘ಇನ್ ಮುಂಬೈ’ ಕ್ರಿಯಾಪದಕ್ಕೆ ಸೇರಿದ್ದಲ್ಲ, ನಾಮಪದದ ಹೊಟ್ಟೆಯೊಳಗಿದೆ. ನಾಮಪದದ ಎದುರಿಗೆ ನಾಮಪದವೇ ನಿಲ್ಲಬೇಕು, ಹಾಗಾಗಿ ಪರೀಕ್ಷೆಯಲ್ಲಿ ‘ದ್ಯಾಟ್ ಇನ್ ಪುಣೆ’ಗೇ ಅಂಕ. ಕೊನೆಗೆ ಒಂದು ತಾಳೆ: ‘ದ್ಯಾಟ್’ ಇರುವ ಜಾಗದಲ್ಲಿ ‘ದ ರೈನ್‌ಫಾಲ್’ ಇಟ್ಟು ಓದಿ. ಸರಿಯಾಗಿ ಕೂತರೆ ಉತ್ತರ ಸರಿ.

ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಸರಾಸರಿ 36 ಸೆಕೆಂಡ್. ಕತ್ತರಿಸಿ ಓದುವ ಅಭ್ಯಾಸ ಆದವರಿಗೆ ಈ ಪ್ರಶ್ನೆಗೆ ಅಷ್ಟೂ ಬೇಕಾಗುವುದಿಲ್ಲ.

‘ದ್ಯಾಟ್ ಆಫ್’, ‘ದೋಸ್ ಆಫ್’, ಅಪಾಸ್ಟ್ರಫಿ ಎಸ್: ಯಾವಾಗ ಯಾವುದು?

ಎಡಗಡೆಯ ನಾಮಪದ ಏಕವಚನವಾದರೆ ಅಥವಾ ಎಣಿಸಲಾಗದ್ದಾದರೆ ‘ದ್ಯಾಟ್’. ಬಹುವಚನವಾದರೆ ‘ದೋಸ್’. ‘ದ ರೋಡ್ಸ್ ಆಫ್ ಪಣಜಿ ಆರ್ ನ್ಯಾರೋವರ್ ದ್ಯಾನ್ ದೋಸ್ ಆಫ್ ನವಿ ಮುಂಬೈ.’ ವಚನ ನಿರ್ಧರಿಸುವುದು ಎಡಗಡೆಯ ಪದ, ಬಲಗಡೆಯ ಊರಲ್ಲ. ಇಲ್ಲಿ ಎಡವುವವರು ತುಂಬ ಜನ.

ಎಡಗಡೆ ಅಪಾಸ್ಟ್ರಫಿ ಎಸ್ (ಒಡೆತನ ತೋರಿಸುವ ’s) ಇದ್ದರೆ ಬಲಗಡೆಗೂ ಅದೇ ಚೆಂದ. ಟೆಸ್ಟ್ ಕ್ರಿಕೆಟಿನಲ್ಲಿ ತೆಂಡೂಲ್ಕರ್ ಸರಾಸರಿ 53.78, ದ್ರಾವಿಡ್ ಸರಾಸರಿ 52.31. ‘ತೆಂಡೂಲ್ಕರ್ಸ್ ಆವರೇಜ್ ಈಸ್ ಹೈಯರ್ ದ್ಯಾನ್ ದ್ರಾವಿಡ್’ ತಪ್ಪು. ‘ದ್ಯಾನ್ ದ್ರಾವಿಡ್ಸ್’ ಸರಿ. ‘ದ ಆವರೇಜ್ ಆಫ್ ತೆಂಡೂಲ್ಕರ್’ ಎಂದು ಶುರುವಾದರೆ ‘ದ್ಯಾಟ್ ಆಫ್ ದ್ರಾವಿಡ್’ ಸರಿ. ಎರಡನ್ನೂ ಬೆರೆಸಿದ ‘ದ್ಯಾಟ್ ಆಫ್ ದ್ರಾವಿಡ್ಸ್’ ಎಂಬ ಆಪ್ಷನ್ ಬಹಳ ಸಲ ಬರುತ್ತದೆ. ಒಡೆತನ ಎರಡು ಸಲ ಬಂದಿದ್ದರಿಂದ ಅದು ತಪ್ಪು. ಅಪಾಸ್ಟ್ರಫಿ ಚಿಕ್ಕ ಗುರುತು, ಕಂಪ್ಯೂಟರ್ ಪರದೆಯ ಮೇಲೆ ತಪ್ಪಿಹೋಗುತ್ತದೆ. ಮನುಷ್ಯರ ಹೆಸರಿರುವ ಹೋಲಿಕೆಯಲ್ಲಿ ಆ ಒಂದು ಜಾಗವನ್ನು ಎರಡು ಸಲ ನೋಡಿ.

ಎಲ್ಲ ಕಡೆ ‘ದ್ಯಾಟ್’ ಹಾಕಿದರೆ ಆಯಿತಲ್ಲ?

ಆಗುವುದಿಲ್ಲ. ಈ ನಿಯಮ ಕಲಿತ ಮೊದಲ ವಾರ ಎಲ್ಲರೂ ಮಾಡುವ ತಪ್ಪು ಇದೇ. ‘ಇಟ್ ರೈನ್ಸ್ ಮೋರ್ ಇನ್ ಪಣಜಿ ದ್ಯಾನ್ ಇನ್ ಪುಣೆ’ ಎಂಬ ವಾಕ್ಯದಲ್ಲಿ ‘ರೈನ್ಸ್’ ಕ್ರಿಯಾಪದ. ‘ದ್ಯಾಟ್’ ಎಂದು ತೋರಿಸಲು ಅಲ್ಲಿ ನಾಮಪದವೇ ಇಲ್ಲ. ‘ಇನ್ ಪಣಜಿ’ಗೆ ‘ಇನ್ ಪುಣೆ’ ಜೋಡಿ, ಅಷ್ಟೇ ಸಾಕು. ‘ಪುಣೆ ಈಸ್ ಕೂಲರ್ ದ್ಯಾನ್ ಮುಂಬೈ’ ಎಂಬಲ್ಲಿ ಊರಿಗೆ ಊರೇ ಎದುರಿದೆ, ಏನೂ ಸೇರಿಸಬೇಕಾಗಿಲ್ಲ.

‘ಡೂ’, ‘ಡಸ್’, ‘ಡಿಡ್’ ಎಲ್ಲಿ ಬೇಕು?

ಅರ್ಥ ಎರಡಾಗುವ ಕಡೆ ಕಡ್ಡಾಯ. ‘ಸುಧಾ ನೋಸ್ ಮುಂಬೈ ಬೆಟರ್ ದ್ಯಾನ್ ಹರ್ ಬ್ರದರ್’ ಎಂದರೆ ಅವಳಿಗೆ ತಮ್ಮನಿಗಿಂತ ಮುಂಬೈಯೇ ಹೆಚ್ಚು ಪರಿಚಯ ಎಂದೂ ಆಗಬಹುದು. ‘ದ್ಯಾನ್ ಹರ್ ಬ್ರದರ್ ಡಸ್’ ಎಂದರೆ ಗೊಂದಲ ಹೋಯಿತು. ಎಡಗಡೆ ‘ಈಸ್’ ಇದ್ದರೆ ಬಲಗಡೆ ‘ಈಸ್’, ಕೆಲಸದ ಕ್ರಿಯಾಪದವಿದ್ದರೆ ‘ಡೂ’ ಅಥವಾ ‘ಡಸ್’. ಕಾಲ ಬೇರೆಯಾದರೆ ಬಲಗಡೆಯದು ಅದರ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ: ‘ಫ್ಲ್ಯಾಟ್ಸ್ ಕಾಸ್ಟ್ ಮೋರ್ ಟುಡೇ ದ್ಯಾನ್ ದೇ ಡಿಡ್ ಇನ್ 2005.’

‘ಎನಿ’ ಮತ್ತು ‘ಎನಿ ಅದರ್’ ನಡುವೆ ಏನು ವ್ಯತ್ಯಾಸ?

ಹೋಲಿಸುವ ವಸ್ತು ಆ ಗುಂಪಿನೊಳಗೇ ಇದ್ದರೆ ‘ಅದರ್’ ಬೇಕು, ಹೊರಗಿದ್ದರೆ ಬೇಡ. ಗೋವಾದ ವಿಸ್ತೀರ್ಣ 3,702 ಚದರ ಕಿ.ಮೀ., ದೇಶದಲ್ಲೇ ಅತಿ ಚಿಕ್ಕ ರಾಜ್ಯ. ‘ಗೋವಾ ಈಸ್ ಸ್ಮಾಲರ್ ದ್ಯಾನ್ ಎನಿ ಸ್ಟೇಟ್ ಇನ್ ಇಂಡಿಯಾ’ ಎಂದರೆ ಗೋವಾ ತನಗಿಂತ ತಾನೇ ಚಿಕ್ಕದು ಎಂದಂತಾಯಿತು, ಏಕೆಂದರೆ ಅದೂ ಒಂದು ರಾಜ್ಯ. ‘ಎನಿ ಅದರ್ ಸ್ಟೇಟ್’ ಆಗಬೇಕು. ಆದರೆ ‘ಮುಂಬೈ ಈಸ್ ಲಾರ್ಜರ್ ದ್ಯಾನ್ ಎನಿ ಸಿಟಿ ಇನ್ ಗೋವಾ’ ಎಂಬುದು ಸರಿಯಾದ ವಾಕ್ಯ. ಮುಂಬೈ ಗೋವಾದಲ್ಲಿಲ್ಲ, ಅಲ್ಲಿ ‘ಅದರ್’ ಸೇರಿಸಿದರೇ ತಪ್ಪು. ‘ಎನಿ’ ಕಂಡ ತಕ್ಷಣ ‘ಅದರ್’ ತುರುಕುವವರನ್ನು ಹಿಡಿಯಲು ಈ ವಾಕ್ಯ ಇಡುತ್ತಾರೆ.

ಮನುಷ್ಯರಿಗೆ ‘ಎನಿಒನ್ ಎಲ್ಸ್’. ಸೂಪರ್ಲೇಟಿವ್ ಬಂದರೆ ನಿಯಮ ತಿರುಗಿ ನಿಲ್ಲುತ್ತದೆ: ‘ದ ಸ್ಮಾಲೆಸ್ಟ್ ಆಫ್ ಆಲ್ ಅದರ್ ಸ್ಟೇಟ್ಸ್’ ತಪ್ಪು, ‘ದ ಸ್ಮಾಲೆಸ್ಟ್ ಆಫ್ ಆಲ್ ದ ಸ್ಟೇಟ್ಸ್’ ಸರಿ. ಗುಂಪಿನಿಂದ ಹೊರಗೆ ಹಾಕಿದ ಮೇಲೆ ಅದೇ ಗುಂಪಿನಲ್ಲಿ ಅತಿ ಚಿಕ್ಕದು ಎನ್ನಲು ಬರುವುದಿಲ್ಲ.

ವಾಕ್ಯ ‘ಲೈಕ್’ ಅಥವಾ ‘ಅನ್‌ಲೈಕ್’ನಿಂದ ಶುರುವಾದರೆ?

ಅಲ್ಪವಿರಾಮದ ನಂತರ ಬರುವ ಮೊದಲ ನಾಮಪದವನ್ನು ನೋಡಿ. ಹೋಲಿಕೆ ಅದರ ಜೊತೆಗೇ. ‘ಅನ್‌ಲೈಕ್ ಮುಂಬೈ, ದ ಕ್ಲೈಮೇಟ್ ಆಫ್ ಪುಣೆ ಈಸ್ ಡ್ರೈ’ ತಪ್ಪು. ‘ಅನ್‌ಲೈಕ್ ಮುಂಬೈ, ಪುಣೆ ಹ್ಯಾಸ್ ಎ ಡ್ರೈ ಕ್ಲೈಮೇಟ್’ ಸರಿ. ‘ಅನ್‌ಲೈಕ್ ದ್ಯಾಟ್ ಆಫ್ ಮುಂಬೈ, ದ ಕ್ಲೈಮೇಟ್ ಆಫ್ ಪುಣೆ ಈಸ್ ಡ್ರೈ’ ಕೂಡ ಸರಿ. ವಾಕ್ಯ ತಿದ್ದುವ ಪ್ರಶ್ನೆಯಲ್ಲಿ ಬದಲಿಸಲು ಗೆರೆ ಎಳೆದ ಭಾಗ ಯಾವುದು ಎಂಬುದರ ಮೇಲೆ ಆಯ್ಕೆ ನಿಂತಿದೆ. ಗೆರೆ ಅಲ್ಪವಿರಾಮದ ನಂತರ ಇದ್ದರೆ ಮೊದಲ ಭಾಗವನ್ನು ಮುಟ್ಟುವಂತಿಲ್ಲ, ಊರಿನಿಂದ ಶುರುವಾಗುವ ಆಪ್ಷನ್ ಹುಡುಕಿ.

‘ಲೈಕ್’ ನಂತರ ನಾಮಪದ ಮಾತ್ರ, ಕ್ರಿಯಾಪದ ಇರುವ ಉಪವಾಕ್ಯಕ್ಕೆ ‘ಆ್ಯಸ್’. ‘ಡೂ ಆ್ಯಸ್ ಐ ಡೂ’ ಎಂಬುದನ್ನು ನೆನಪಿಟ್ಟರೆ ಸಾಕು.

ನಮ್ಮ ಕಡೆ ಮಾತಿನಲ್ಲಿ ತುಂಬ ನಡೆಯುವ ಇನ್ನೊಂದು ತಪ್ಪು: ‘ಟ್ರೇನ್ಸ್ ಕ್ಯಾರಿ ಮೋರ್ ಪ್ಯಾಸೆಂಜರ್ಸ್ ಕಂಪೇರ್ಡ್ ಟು ಬಸಸ್.’ ‘ಮೋರ್’ ಬಂದ ಮೇಲೆ ಅದರ ಜೋಡಿ ‘ದ್ಯಾನ್’ ಮಾತ್ರ.

‘ದ್ಯಾನ್ ಐ’ ಸರಿಯೋ ‘ದ್ಯಾನ್ ಮಿ’ ಸರಿಯೋ?

ಮಾತಿನಲ್ಲಿ ಎರಡೂ ನಡೆಯುತ್ತವೆ. ಎಸ್‌ಎಸ್‌ಸಿ ಮಾದರಿಯ ಪ್ರಶ್ನೆಯಲ್ಲಿ ಕರ್ತೃವಿನ ಜೊತೆ ಹೋಲಿಕೆಯಾದರೆ ‘ದ್ಯಾನ್ ಐ’ ಆರಿಸಿ: ‘ಶಿ ಈಸ್ ಟಾಲರ್ ದ್ಯಾನ್ ಐ.’ ಆದರೆ ‘ಶಿ ಟ್ರಸ್ಟ್ಸ್ ರವಿ ಮೋರ್ ದ್ಯಾನ್ ಐ’ ಮತ್ತು ‘ಮೋರ್ ದ್ಯಾನ್ ಮಿ’ ಎರಡೂ ಸರಿ, ಅರ್ಥ ಮಾತ್ರ ಬೇರೆ. ಮೊದಲನೆಯದರಲ್ಲಿ ನಾನು ರವಿಯನ್ನು ನಂಬುವುದಕ್ಕಿಂತ ಅವಳು ಹೆಚ್ಚು ನಂಬುತ್ತಾಳೆ. ಎರಡನೆಯದರಲ್ಲಿ ಅವಳಿಗೆ ನನಗಿಂತ ರವಿಯ ಮೇಲೆ ಹೆಚ್ಚು ನಂಬಿಕೆ.

‘ದ್ಯಾನ್’ ಬದಲು ‘ಟು’ ಬರುವ ಪದಗಳು ಯಾವುವು?

‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್‌ಫೀರಿಯರ್’, ‘ಪ್ರಯರ್’, ‘ಪ್ರಿಫರ್’, ‘ಪ್ರಿಫರಬಲ್’. ಮೊದಲ ಐದು ಲ್ಯಾಟಿನ್ನಿನಿಂದ ಬರುವಾಗಲೇ ‘ಹೆಚ್ಚು’, ‘ಕಡಿಮೆ’, ‘ಮೊದಲು’ ಎಂಬ ಹೋಲಿಕೆಯನ್ನು ಒಳಗಿಟ್ಟುಕೊಂಡೇ ಬಂದಿವೆ. ಆದ್ದರಿಂದ ‘ಮೋರ್ ಸುಪೀರಿಯರ್’ ತಪ್ಪು, ‘ಮೋರ್ ಪ್ರಿಫರಬಲ್’ ಕೂಡ ತಪ್ಪು. ‘ಪ್ರಿಫರ್’ನಲ್ಲಿ ಒಂದು ಒಳಸುಳಿ ಇದೆ: ಎರಡು ನಾಮಪದಗಳಾದರೆ ‘ಐ ಪ್ರಿಫರ್ ಟೀ ಟು ಕಾಫಿ’, ಆದರೆ ‘ಟು’ ಸೇರಿದ ಕ್ರಿಯಾಪದ ಬಂದರೆ ‘ಐ ಪ್ರಿಫರ್ ಟು ಟೇಕ್ ದ ಲೋಕಲ್ ರಾದರ್ ದ್ಯಾನ್ ಡ್ರೈವ್’.

‘ಆ್ಯಸ್ ಗುಡ್ ಆರ್ ಬೆಟರ್ ದ್ಯಾನ್’ ಯಾಕೆ ತಪ್ಪು?

‘ಆ್ಯಸ್ ಗುಡ್’ಗೆ ಅದರ ಎರಡನೇ ‘ಆ್ಯಸ್’ ಸಿಕ್ಕಿಲ್ಲ. ‘ಆ್ಯಸ್ ಗುಡ್ ಆ್ಯಸ್, ಆರ್ ಬೆಟರ್ ದ್ಯಾನ್, ದ ಓಲ್ಡ್ ಒನ್’ ಆಗಬೇಕು. ನಡುವಿನ ‘ಆರ್ ಬೆಟರ್ ದ್ಯಾನ್’ ತೆಗೆದು ಓದಿ; ಉಳಿದದ್ದು ತಾನಾಗಿ ನಿಲ್ಲಬೇಕು.

ಸಂಖ್ಯೆ, ಪ್ರಮಾಣ ಇರುವ ಹೋಲಿಕೆಗಳಲ್ಲಿ ಏನು ಗಮನಿಸಬೇಕು?

2011ರ ಜನಗಣತಿಯಲ್ಲಿ ಬೃಹನ್ಮುಂಬೈ ಜನಸಂಖ್ಯೆ ಸುಮಾರು 1.24 ಕೋಟಿ, ಪುಣೆ ನಗರದ್ದು ಸುಮಾರು 31 ಲಕ್ಷ, ಅಂದರೆ ಹೆಚ್ಚು ಕಡಿಮೆ ನಾಲ್ಕು ಪಟ್ಟು. ಇದನ್ನು ‘ಫೋರ್ ಟೈಮ್ಸ್ ಮೋರ್ ದ್ಯಾನ್ ಪುಣೆ’ ಎಂದು ಬರೆದರೆ ಮೂರು ತಪ್ಪು. ‘ಟೈಮ್ಸ್’ ನಂತರ ಪರೀಕ್ಷೆಗಳು ಬಯಸುವುದು ‘ಆ್ಯಸ್... ಆ್ಯಸ್’. ಜನಸಂಖ್ಯೆ ‘ಮೋರ್’ ಆಗುವುದಿಲ್ಲ, ‘ಲಾರ್ಜ್’ ಆಗುತ್ತದೆ. ಬಲಗಡೆ ಊರು ಬಂದಿದೆ. ಸರಿಯಾದದ್ದು: ‘ನಿಯರ್ಲಿ ಫೋರ್ ಟೈಮ್ಸ್ ಆ್ಯಸ್ ಲಾರ್ಜ್ ಆ್ಯಸ್ ದ್ಯಾಟ್ ಆಫ್ ಪುಣೆ.’ ಹಾಗೆಯೇ ‘ಪ್ರೈಸ್’ ಎಂಬುದು ‘ಹೈಯರ್’ ಅಥವಾ ‘ಲೋವರ್’ ಆಗುತ್ತದೆ, ‘ಕಾಸ್ಟ್ಲಿಯರ್’ ಆಗುವುದಿಲ್ಲ. ದುಬಾರಿಯಾಗುವುದು ಈರುಳ್ಳಿ, ಅದರ ಬೆಲೆಯಲ್ಲ. ಎಣಿಸುವಂಥದಕ್ಕೆ ‘ಫ್ಯೂಯರ್’, ಅಳೆಯುವಂಥದಕ್ಕೆ ‘ಲೆಸ್’.

ಸಣ್ಣಪುಟ್ಟ ತಪ್ಪುಗಳಲ್ಲಿ ಹೆಚ್ಚು ಕೇಳುವವು?

‘ಮೋರ್ ಬೆಟರ್’ ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ‘ಕಂಪ್ಯಾರೆಟಿವ್ಲಿ ಬೆಟರ್’, ‘ರಿಲೇಟಿವ್ಲಿ ಈಸಿಯರ್’ ಎಂಬಲ್ಲಿ. ಹೋಲಿಕೆ ಎರಡು ಸಲ ಬಂದಿದೆ, ‘ಗುಡ್’ ಮತ್ತು ‘ಈಸಿ’ ಆಗಬೇಕು. ‘ಎಲ್ಡರ್’ ಜೊತೆ ‘ದ್ಯಾನ್’ ಬರುವುದಿಲ್ಲ. ಅಕ್ಕನನ್ನು ‘ಮೈ ಎಲ್ಡರ್ ಸಿಸ್ಟರ್’ ಎನ್ನಬಹುದು, ಆದರೆ ‘ಶಿ ಈಸ್ ಓಲ್ಡರ್ ದ್ಯಾನ್ ಐ’ ಎಂದೇ ಹೇಳಬೇಕು. ಇಬ್ಬರ ನಡುವೆ ‘ದ ಟಾಲರ್ ಆಫ್ ದ ಟೂ’. ಇಲ್ಲಿ ‘ದ’ ಬಿಟ್ಟರೂ ತಪ್ಪು, ‘ಟಾಲೆಸ್ಟ್’ ಎಂದರೂ ತಪ್ಪು. ‘ಒನ್ ಆಫ್ ದ ಬೆಸ್ಟ್’ ನಂತರ ಬಹುವಚನ.

ನಾಲ್ಕೂ ಭಾಗ ಸರಿ ಎನಿಸಿದರೆ ‘ನೋ ಎರರ್’ ಗುರುತು ಹಾಕಬಹುದೇ?

ಹಾಕಬಹುದು, ಆದರೆ ಹೋಲಿಕೆಯ ಗುರುತು ಇದ್ದರೆ ಒಮ್ಮೆ ಎಡ-ಬಲ ಕತ್ತರಿಸಿ ನೋಡಿದ ಮೇಲೆ ಮಾತ್ರ. ತಪ್ಪು ಇರಲೇಬೇಕು ಎಂದು ಹಟ ಹಿಡಿದು ಸರಿಯಾದ ‘ದ್ಯಾನ್ ಇನ್’ ಅನ್ನು ತಪ್ಪು ಮಾಡಬೇಡಿ.

ಮನೆಯಲ್ಲಿ ಅಭ್ಯಾಸ ಮಾಡುವುದು ಹೇಗೆ?

ಮಾಕ್ ಟೆಸ್ಟ್ ಮೇಲೆ ಮಾಕ್ ಟೆಸ್ಟ್ ಬರೆಯುವುದಕ್ಕಿಂತ ಒಂದೇ ವಾಕ್ಯವನ್ನು ಮೂರು ರೀತಿ ಬರೆಯುವುದು ಹೆಚ್ಚು ಫಲ ಕೊಡುತ್ತದೆ: ಒಮ್ಮೆ ‘ದ್ಯಾಟ್ ಆಫ್’ ಇಟ್ಟು, ಒಮ್ಮೆ ಅಪಾಸ್ಟ್ರಫಿ ಇಟ್ಟು, ಒಮ್ಮೆ ಊರನ್ನೋ ವ್ಯಕ್ತಿಯನ್ನೋ ಕರ್ತೃ ಮಾಡಿ. ಲೋಕಲ್‌ನಲ್ಲಿ ನಿಂತುಕೊಂಡು ಓದುವವರು ಇಂಗ್ಲಿಷ್ ಪತ್ರಿಕೆಯ ಆಟ ಮತ್ತು ವಾಣಿಜ್ಯ ಪುಟಗಳನ್ನು ನೋಡಲಿ. ಹೋಲಿಕೆಗಳು ದಂಡಿಯಾಗಿ ಸಿಗುವುದು ಅಲ್ಲೇ, ಅವಸರದಲ್ಲಿ ಬರೆದ ತಪ್ಪುಗಳೂ ಸಿಗುತ್ತವೆ.

ಕೆಲವು ವಾಕ್ಯಗಳನ್ನು ಇಲ್ಲೇ ಕೊಡಬಹುದೇ?

‘ದ ಬೀಚಸ್ ಆಫ್ ಗೋವಾ ಆರ್ ಕ್ಲೀನರ್ ದ್ಯಾನ್ ಮುಂಬೈ.’ ಕಡಲತೀರಗಳು ಬಹುವಚನ, ‘ದ್ಯಾನ್ ದೋಸ್ ಆಫ್ ಮುಂಬೈ’.

‘ಕಳಸೂಬಾಯಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಮಹಾರಾಷ್ಟ್ರ.’ 1,646 ಮೀಟರಿನ ಈ ಶಿಖರ ಇರುವುದು ಮಹಾರಾಷ್ಟ್ರದಲ್ಲೇ, ‘ಎನಿ ಅದರ್ ಪೀಕ್’.

‘ಲೈಕ್ ಹರ್ ಬ್ರದರ್, ಸವಿತಾಸ್ ಹ್ಯಾಂಡ್‌ರೈಟಿಂಗ್ ಈಸ್ ನೀಟ್.’ ತಮ್ಮನನ್ನು ಅಕ್ಷರಕ್ಕೆ ಹೋಲಿಸಿದ್ದಾರೆ, ‘ಲೈಕ್ ಹರ್ ಬ್ರದರ್ಸ್’ (ಅಪಾಸ್ಟ್ರಫಿ ಎಸ್, ಬಹುವಚನವಲ್ಲ).

‘ವಾಕಿಂಗ್ ಟು ದ ಸ್ಟೇಷನ್ ಈಸ್ ಕ್ವಿಕರ್ ದ್ಯಾನ್ ಟು ವೇಟ್ ಫಾರ್ ಎ ಬಸ್.’ ರೂಪದ ಸಮತೆ ಇಲ್ಲ, ‘ದ್ಯಾನ್ ವೇಟಿಂಗ್’.

‘ಇಟ್ ಈಸ್ ಈಸಿಯರ್ ಟು ಗೆಟ್ ಎ ಸೀಟ್ ಅಟ್ ಚರ್ಚ್‌ಗೇಟ್ ದ್ಯಾನ್ ಅಟ್ ದಾದರ್.’ ‘ಅಟ್’ಗೆ ‘ಅಟ್’ ಜೋಡಿ ಕೂತಿದೆ, ಸ್ಟೇಷನ್ನಿಗೆ ಸ್ಟೇಷನ್ನೇ ಎದುರಿದೆ. ಉತ್ತರ ‘ನೋ ಎರರ್’.